ಓದುಗರ ಪ್ರಶ್ನೆ: ಪಾಠ ಮುಗಿದ ಮೇಲೆ ಮಿದುಳು ಮಾಡುವ ಕೆಲಸ

ಕಳೆದ ಸಂಚಿಕೆಯಲ್ಲಿ ಮರೆವಿನ ಕುರಿತು ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ನರಕೋಶಗಳು ಸ್ರವಿಸುವ ‘ಬೆಳವಣಿಗೆ ಅಂಶ’ಗಳೆಂಬ ಪ್ರೋಟೀನುಗಳಿಗೂ ನೆನಪು ಗಟ್ಟಿಗೊಳ್ಳುವುದಕ್ಕೂ ನಂಟಿದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಸಾಲು ಅನೇಕರನ್ನು ಕೆಣಕಿದಂತಿದೆ. ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿರುವುದರಿಂದ, ಅವುಗಳಲ್ಲಿ ಕೆಲವನ್ನು ಆಯ್ದು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಬಿಟ್ಟುಕೊಡುತ್ತಿದ್ದೇನೆ.

ಪ್ರಶ್ನೆ: ಬೆಳವಣಿಗೆ ಅಂಶವೆಂದರೆ ಭ್ರೂಣ ಬೆಳೆಯುವಾಗ ಬೇಕಾಗುವ ವಸ್ತು ಎಂದು ನಮ್ಮ ಪಠ್ಯಪುಸ್ತಕದಲ್ಲಿದೆ. ಬೆಳೆದು ನಿಂತ ಮಿದುಳಿನಲ್ಲಿ ಅದಕ್ಕೇನು ಕೆಲಸ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನಿಮ್ಮ ಪಠ್ಯಪುಸ್ತಕ ಹೇಳಿರುವುದು ತಪ್ಪಲ್ಲ, ಅದು ಕಥೆಯ ಮೊದಲರ್ಧ. ಆ ಅರ್ಧ ಆರಂಭವಾದದ್ದು ಇಟಲಿಯ ಟ್ಯೂರಿನ್ ನಗರದ ಒಂದು ಮಲಗುವ ಕೋಣೆಯಲ್ಲಿ. 1938ರಲ್ಲಿ ಮುಸೊಲಿನಿಯ ಸರ್ಕಾರ ತಂದ ಜನಾಂಗೀಯ ಕಾನೂನುಗಳಿಂದಾಗಿ ಯಹೂದಿ ಮನೆತನದ ಯುವ ವೈದ್ಯೆ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಅವರು ಮನೆಯಲ್ಲಿಯೇ ಸೂಕ್ಷ್ಮದರ್ಶಕವನ್ನಿಟ್ಟುಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣಗಳಲ್ಲಿ ನರಗಳು ಹೇಗೆ ಬೆಳೆಯುತ್ತವೆ, ಯಾವಾಗ ಸಾಯುತ್ತವೆ ಎಂಬುದನ್ನು ನೋಡತೊಡಗಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಅವರ ಆಹ್ವಾನದ ಮೇರೆಗೆ ಅಮೆರಿಕದ ಸೇಂಟ್ ಲೂಯಿ ನಗರಕ್ಕೆ ಹೋದರು. ಇಲಿಯ ಒಂದು ಬಗೆಯ ಗಂತಿಯ ತುಣುಕನ್ನು ಕೋಳಿಭ್ರೂಣಕ್ಕೆ ಕಸಿ ಮಾಡಿದರೆ ನರಗಳು ಆ ಕಡೆಗೆ ಮುಗಿಬಿದ್ದು ಬೆಳೆಯುತ್ತವೆ ಎಂಬುದು ಅವರ ಕಣ್ಣಿಗೆ ಬಿತ್ತು. ಗಂತಿಯಿಂದ ಏನೋ ಒಂದು ವಸ್ತು ಸೋರುತ್ತಿರಬೇಕು ಎಂಬ ಅವರ ಊಹೆಯನ್ನು ಜೀವರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್ ನಿಜವೆಂದು ತೋರಿಸಿದರು. ಇಲ್ಲೊಂದು ಸ್ವಾರಸ್ಯವಿದೆ. ಆ ವಸ್ತು ನ್ಯೂಕ್ಲಿಯಿಕ್ ಆಮ್ಲವೋ ಪ್ರೋಟೀನೋ ಎಂದು ಪರೀಕ್ಷಿಸಲು ಕೊಹೆನ್ ಅದಕ್ಕೆ ಹಾವಿನ ವಿಷವನ್ನು ಬೆರೆಸಿದರು, ಏಕೆಂದರೆ ವಿಷದಲ್ಲಿ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯುವ ಕಿಣ್ವವಿರುತ್ತದೆ. ಆದರೆ ನರಗಳ ಬೆಳವಣಿಗೆ ನಿಲ್ಲುವ ಬದಲು ಇನ್ನಷ್ಟು ಹೆಚ್ಚಿತು. ಹುಡುಕುತ್ತಿದ್ದ ವಸ್ತು ಗಂತಿಗಿಂತ ಹೇರಳವಾಗಿ ವಿಷದಲ್ಲಿಯೇ ಇತ್ತು! ಅದೇ ‘ನರ್ವ್ ಗ್ರೋತ್ ಫ್ಯಾಕ್ಟರ್’. ಈ ಇಬ್ಬರಿಗೂ 1986ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕಥೆಯ ಉತ್ತರಾರ್ಧಕ್ಕೆ ಬೇಕಾದ ಪಾತ್ರ ಬಂದದ್ದು 1982ರಲ್ಲಿ. ಜರ್ಮನಿಯಲ್ಲಿ ಈವ್-ಅಲೇನ್ ಬಾರ್ಡ್ ಮತ್ತು ಹ್ಯಾನ್ಸ್ ಥೋನೆನ್ ಅವರು ಹಂದಿಯ ಮಿದುಳಿನಿಂದ ಇದೇ ಕುಟುಂಬದ ಮತ್ತೊಂದು ಪ್ರೋಟೀನನ್ನು ಬೇರ್ಪಡಿಸಿದರು. ಒಂದೂವರೆ ಕಿಲೋ ಮಿದುಳಿನಿಂದ ಅವರಿಗೆ ದಕ್ಕಿದ್ದು ಒಂದು ಮೈಕ್ರೋಗ್ರಾಮಿನಷ್ಟು, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ವಿರಳವಾದ ವಸ್ತುವಿಗೆ ‘ಬ್ರೈನ್ ಡಿರೈವ್ಡ್ ನ್ಯೂರೋಟ್ರೋಫಿಕ್ ಫ್ಯಾಕ್ಟರ್’ ಎಂಬ ಉದ್ದನೆಯ ಹೆಸರು; ಬಳಕೆಯಲ್ಲಿ ಬಿಡಿಎನ್‌ಎಫ್. ಭ್ರೂಣದ ನರಗಳನ್ನು ಸಾಕುವ ಈ ಪ್ರೋಟೀನು ವಯಸ್ಕ ಮಿದುಳಿನಲ್ಲಿಯೂ, ಅದರಲ್ಲೂ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿ, ಎದ್ದು ಕಾಣುವಷ್ಟು ಏಕಿದೆ ಎಂಬ ಪ್ರಶ್ನೆಯೇ ಸಂಶೋಧಕರನ್ನು ನೆನಪಿನ ಕಡೆಗೆ ತಿರುಗಿಸಿತು. 1995ರಲ್ಲಿ ಬಿಡಿಎನ್‌ಎಫ್ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳ ಹಿಪೊಕ್ಯಾಂಪಸ್ಸನ್ನು ಪರೀಕ್ಷಿಸಿದಾಗ, ನರಕೋಶಗಳ ನಡುವಿನ ಸಂಪರ್ಕವನ್ನು ಬಹುಕಾಲ ಬಲಪಡಿಸಿ ಇಡುವ ಸಾಮರ್ಥ್ಯ ಕುಗ್ಗಿರುವುದು ಕಂಡಿತು. ಮರುವರ್ಷ ಅದೇ ಬಗೆಯ ಇಲಿಗಳ ಮಿದುಳಿನ ತುಣುಕುಗಳಿಗೆ ಬಿಡಿಎನ್‌ಎಫ್ ಅನ್ನು ಹೊರಗಿನಿಂದ ಒದಗಿಸಿದಾಗ ಆ ಸಾಮರ್ಥ್ಯ ಮರಳಿತು. ಕೊರತೆ ಭ್ರೂಣಾವಸ್ಥೆಯಲ್ಲಿ ಮಿದುಳು ತಪ್ಪಾಗಿ ಕಟ್ಟಲ್ಪಟ್ಟದ್ದರಿಂದ ಉಂಟಾಗಿದ್ದರೆ, ಕೆಲವು ಗಂಟೆಗಳಲ್ಲಿ ಅದು ಸರಿಹೋಗುವುದು ಸಾಧ್ಯವಿರಲಿಲ್ಲ. ಆದ್ದರಿಂದ ಬೆಳೆದ ಮಿದುಳಿನಲ್ಲಿಯೂ ಈ ಅಂಶಕ್ಕೆ ದಿನನಿತ್ಯದ ಕೆಲಸವಿದೆ.

ಪ್ರಶ್ನೆ: ನಾನು ಮೂವತ್ತು ವರ್ಷದಿಂದ ಮಗ್ಗದ ಮೇಲೆ ಕುಳಿತವನು. ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವಾಗ ಲಕ್ಷ್ಯ ಎಲ್ಲಿಯೋ ಇದ್ದರೂ ಕೈ ತಾನಾಗಿ ನಡೆಯುತ್ತದೆ. ಮಿದುಳಿನಲ್ಲಿಯೂ ಹೀಗೆಯೇ ಎಳೆಗೆ ಎಳೆ ಕೂಡುತ್ತದೆಯೇ?
– ನೇಕಾರರು, ಇಳಕಲ್

ಉತ್ತರ: ನೂರಿಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಯ ಮೇಲೆಯೇ ಇಬ್ಬರು ದೊಡ್ಡ ವಿಜ್ಞಾನಿಗಳು ಜಗಳವಾಡಿದ್ದರು. ಇಟಲಿಯ ಕಮಿಲ್ಲೊ ಗಾಲ್ಜಿ ನಿಮ್ಮಂತೆಯೇ ಯೋಚಿಸಿ, ನರತಂತುಗಳೆಲ್ಲ ಒಂದಕ್ಕೊಂದು ಕೂಡಿ ಅಖಂಡ ಬಲೆಯಾಗಿವೆ ಎಂದರು. ಸ್ಪೇನಿನ ಸಾಂಟಿಯಾಗೊ ರಾಮನ್ ಇ ಕಹಾಲ್ ಹಾಗಲ್ಲ, ಪ್ರತಿ ನರಕೋಶವೂ ಬೇರೆಬೇರೆ, ಅವು ಮುಟ್ಟುವಷ್ಟು ಹತ್ತಿರ ಬಂದು ನಿಲ್ಲುತ್ತವೆ ಎಂದರು. ನೊಬೆಲ್ ಸಮಿತಿ 1906ರಲ್ಲಿ ಇಬ್ಬರಿಗೂ ಪ್ರಶಸ್ತಿಯನ್ನು ಹಂಚಿತಾದರೂ ಗೆದ್ದದ್ದು ಕಹಾಲ್ ಅವರ ವಾದ. ನಿಮ್ಮ ಕೊಂಡಿಯಲ್ಲಿ ಎಳೆಯೊಳಗೆ ಎಳೆ ಸಿಕ್ಕಿಕೊಳ್ಳುತ್ತದೆ. ಮಿದುಳಿನ ಕೊಂಡಿಯಲ್ಲಿ, ಅಂದರೆ ಸಿನಾಪ್ಸ್‌ನಲ್ಲಿ, ಎರಡು ತುದಿಗಳ ನಡುವೆ ಮಿಲಿಮೀಟರಿನ ಐವತ್ತು ಸಾವಿರದ ಒಂದು ಭಾಗದಷ್ಟು ಬಿರುಕು ಉಳಿದಿರುತ್ತದೆ. ಆ ಬಿರುಕನ್ನು ರಾಸಾಯನಿಕಗಳು ದಾಟುತ್ತವೆ. ಈ ಕಡೆಯಿಂದ ಎಷ್ಟು ರಾಸಾಯನಿಕ ಬಿಡುಗಡೆಯಾಗುತ್ತದೆ, ಆ ಕಡೆ ಅದನ್ನು ಹಿಡಿಯುವ ಗ್ರಾಹಕಗಳು ಎಷ್ಟಿವೆ ಎಂಬುದು ಬದಲಾಗುತ್ತಲೇ ಇರುತ್ತದೆ. ಬಳಕೆಗೆ ತಕ್ಕಂತೆ ಬದಲಾಗುವ ಈ ಗುಣವನ್ನು ಸಿನಾಪ್ಸಿನ ನಮ್ಯತೆ ಎನ್ನುತ್ತಾರೆ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೊಮೊ. 1973ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಮೊಲದ ಹಿಪೊಕ್ಯಾಂಪಸ್‌ಗೆ ಹೋಗುವ ನರಮಾರ್ಗವನ್ನು ಕೆಲವೇ ಸೆಕೆಂಡುಗಳ ಕಾಲ ವೇಗವಾಗಿ ಪ್ರಚೋದಿಸಿದರೆ, ಮುಂದೆ ಹತ್ತು ಗಂಟೆಯವರೆಗೂ ಆ ಸಂಪರ್ಕ ಮೊದಲಿಗಿಂತ ಬಲವಾಗಿಯೇ ಉಳಿಯುತ್ತಿತ್ತು. ಬಿಡಿಎನ್‌ಎಫ್ ಬರುವುದು ಇಲ್ಲಿ. ನರಕೋಶ ಜೋರಾಗಿ ಚಟುವಟಿಕೆಗೊಂಡಾಗ ಅದು ಸಿನಾಪ್ಸಿನ ಬಳಿ ಬಿಡುಗಡೆಯಾಗಿ, ಟ್ರ್ಯಾಕ್-ಬಿ ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಗ್ರಾಹಕವು ಕೋಶದೊಳಗೆ ಸಂದೇಶಗಳ ಸರಪಳಿಯನ್ನೇ ಎಬ್ಬಿಸುತ್ತದೆ. ಅದರ ಫಲವಾಗಿ ಸಿನಾಪ್ಸ್ ನಿಂತಿರುವ ಪುಟ್ಟ ಮುಳ್ಳಿನಂಥ ಚಾಚು ಉಬ್ಬಿ ದಪ್ಪಗಾಗುತ್ತದೆ ಮತ್ತು ಹಾಗೆಯೇ ಉಳಿಯುತ್ತದೆ. 2016ರಲ್ಲಿ ಪ್ರಕಟವಾದ ಸೂಕ್ಷ್ಮ ಚಿತ್ರಣದ ಪ್ರಯೋಗವೊಂದು, ಒಂದೇ ಒಂದು ಚಾಚು ತಾನೇ ಬಿಟ್ಟ ಬಿಡಿಎನ್‌ಎಫ್ ಅನ್ನು ತಾನೇ ಹಿಡಿದು ದಪ್ಪಗಾಗಬಲ್ಲದು ಎಂದು ತೋರಿಸಿತು. ಸಾವಿರಾರು ಸಂಪರ್ಕಗಳಿರುವ ಕೋಶದಲ್ಲಿ ಕೆಲಸ ಮಾಡಿದ ಸಂಪರ್ಕ ಮಾತ್ರ ಬಲಗೊಂಡು, ಪಕ್ಕದ್ದು ಹಾಗೆಯೇ ಇರುವುದು ಸಾಧ್ಯವಾಗುವುದು ಇದರಿಂದಲೇ.

ಒಂದು ತಿದ್ದುಪಡಿ ಮಾತ್ರ ಅಗತ್ಯ. ನಿಮ್ಮ ಕೈ ಕಲಿತ ವಿದ್ಯೆ ಹಿಪೊಕ್ಯಾಂಪಸ್‌ನ ಆಸರೆಯಲ್ಲಿ ನಿಂತಿಲ್ಲ. 1953ರ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ಕಳೆದುಕೊಂಡ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ ರೋಗಿಗೆ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವುದನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೂರು ದಿನ ಅಭ್ಯಾಸ ಮಾಡಿಸಿದರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು, ಆದರೆ ತಾವು ಹಿಂದೆ ಇದನ್ನು ಮಾಡಿದ್ದೇವೆ ಎಂಬ ನೆನಪು ಮಾತ್ರ ಅವರಿಗೆ ಒಮ್ಮೆಯೂ ಬರಲಿಲ್ಲ. ಕೈಚಳಕದ ನೆನಪು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್, ಹಿಂಬದಿಯ ಸೆರಿಬೆಲ್ಲಮ್ ಮತ್ತು ಚಲನೆಗೆ ಸಂಬಂಧಿಸಿದ ಮಿದುಳ ತೊಗಟೆಯಲ್ಲಿರುತ್ತದೆ. ಅಲ್ಲಿಯೂ ಬಿಡಿಎನ್‌ಎಫ್ ಬೇಕು, ಆದರೆ ಸ್ಟ್ರಯೇಟಮ್ ಅದನ್ನು ತಾನೇ ತಯಾರಿಸುವುದು ಅತ್ಯಲ್ಪ. ತೊಗಟೆಯ ನರಕೋಶಗಳು ತಯಾರಿಸಿ, ತಮ್ಮ ಉದ್ದನೆಯ ತಂತುಗಳ ಮೂಲಕ ಅಲ್ಲಿಗೆ ಸಾಗಿಸುತ್ತವೆ. ಒಡಲಿಗೆ ನೂಲು ಒಂದು ಕಡೆಯಿಂದ, ಸೆರಗಿಗೆ ರೇಷ್ಮೆ ಇನ್ನೊಂದು ಕಡೆಯಿಂದ ಬರುವ ನಿಮ್ಮ ಕಸುಬಿನವರಿಗೆ ಈ ಏರ್ಪಾಟು ಹೊಸದೆನಿಸಲಿಕ್ಕಿಲ್ಲ.

ಪ್ರಶ್ನೆ: ಸೋಮವಾರ ಕಲಿಸಿದ ಮಗ್ಗಿಯನ್ನು ಮಂಗಳವಾರ ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಮುಂದಿನ ಸೋಮವಾರ ಕೇಳಿದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಮರುದಿನ ಇದ್ದ ನೆನಪು ವಾರದಲ್ಲಿ ಎಲ್ಲಿಗೆ ಹೋಗುತ್ತದೆ?
– ಪ್ರಾಥಮಿಕ ಶಾಲಾ ಶಿಕ್ಷಕರು, ಜಮಖಂಡಿ ತಾಲ್ಲೂಕು

ಉತ್ತರ: ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು. ಮರುದಿನ ಉಳಿಯುವುದು ಬೇರೆ, ವಾರ ಉಳಿಯುವುದು ಬೇರೆ ಎಂಬುದನ್ನು ನೀವು ತರಗತಿಯಲ್ಲಿಯೇ ಕಂಡುಕೊಂಡಿದ್ದೀರಿ. ಪ್ರಯೋಗಾಲಯಗಳು ಅದನ್ನು ಬೇರ್ಪಡಿಸಿ ನೋಡಿದ್ದು ಈ ಶತಮಾನದಲ್ಲಿ.

ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲಿ ನೆನಪಿಗೆ ಎರಡು ಹಂತಗಳಿರಬೇಕು ಎಂದು ಊಹಿಸಿದ್ದರು. ಮೊದಲ ಹಂತದಲ್ಲಿ ಅನುಭವವು ನರಕೋಶಗಳ ಸುತ್ತಿನಲ್ಲಿ ಸ್ವಲ್ಪ ಹೊತ್ತು ಮಾರ್ದನಿಸುತ್ತದೆ. ಆ ಮಾರ್ದನಿ ಅಡಗುವ ಮೊದಲು ಕೋಶಗಳ ನಡುವಿನ ಸಂಪರ್ಕಗಳಲ್ಲಿ ರಚನೆಯ ಬದಲಾವಣೆಯಾದರೆ ಮಾತ್ರ ನೆನಪು ಉಳಿಯುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಮೊದಲ ಹಂತ ಏನೆಂದು ವಿವರಿಸಬೇಕಿಲ್ಲ. ಎರಡನೆಯ ಹಂತ ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಂಥದು. ಅದಕ್ಕೆ ಉಳಿ ಬೇಕು, ಕಲ್ಲುಕುಟಿಗ ಬೇಕು, ಸಮಯ ಬೇಕು.

ಉಳಿಯ ಕೆಲಸ ಮಾಡುವುದು ಹೊಸದಾಗಿ ತಯಾರಾಗುವ ಪ್ರೋಟೀನುಗಳು. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬರ್ನಾರ್ಡ್ ಅಗ್ರನಾಫ್, ಬಣ್ಣದ ಗೋಲ್ಡ್‌ಫಿಷ್‌ಗಳಿಗೆ ಒಂದು ಪಾಠ ಕಲಿಸಿದ ಕೂಡಲೇ ಪ್ರೋಟೀನು ತಯಾರಿಕೆಯನ್ನು ತಡೆಯುವ ಔಷಧವನ್ನು ಚುಚ್ಚಿದರು. ಮೀನುಗಳು ಆ ಹೊತ್ತಿಗೆ ಪಾಠವನ್ನು ಚೆನ್ನಾಗಿಯೇ ತೋರಿಸಿದವು, ಆದರೆ ಕೆಲವು ದಿನಗಳ ನಂತರ ಅವುಗಳಿಗೆ ಅದು ಉಳಿದಿರಲಿಲ್ಲ. ಅದೇ ಔಷಧವನ್ನು ಒಂದು ಗಂಟೆ ತಡವಾಗಿ ಕೊಟ್ಟಾಗ ನೆನಪಿಗೆ ಧಕ್ಕೆಯಾಗಲಿಲ್ಲ. ಕಲಿಯುವುದಕ್ಕೆ ಹೊಸ ಪ್ರೋಟೀನು ಬೇಡ, ಉಳಿಸಿಕೊಳ್ಳುವುದಕ್ಕೆ ಬೇಕು ಎಂಬುದು ಹೀಗೆ ತಿಳಿಯಿತು. ಈ ತಯಾರಿಕೆಗೆ ಚಾಲನೆ ಕೊಡುವ ಮೇಸ್ತ್ರಿಗಳಲ್ಲಿ ಬಿಡಿಎನ್‌ಎಫ್ ಪ್ರಮುಖವಾದದ್ದು. 1996ರಲ್ಲಿ ಹ್ಯೇಜಿನ್ ಕಾಂಗ್ ಮತ್ತು ಎರಿನ್ ಶುಮನ್ ಹಿಪೊಕ್ಯಾಂಪಸ್‌ನ ತೆಳುಹಾಳೆಯಲ್ಲಿ ನರಕೋಶಗಳ ಕವಲುಗಳನ್ನು ಅವುಗಳ ಕೋಶದೇಹದಿಂದ ಕತ್ತರಿಸಿ ಬೇರ್ಪಡಿಸಿದರು. ಆದರೂ ಬಿಡಿಎನ್‌ಎಫ್ ಸೋಕಿದಾಗ ಆ ಅನಾಥ ಕವಲುಗಳ ಸಿನಾಪ್ಸ್‌ಗಳು ಬಲಗೊಂಡವು ಮತ್ತು ಆ ಬಲವೃದ್ಧಿಗೆ ಅಲ್ಲಿಯೇ ಹೊಸ ಪ್ರೋಟೀನು ತಯಾರಾಗಬೇಕಿತ್ತು. ಅಂದರೆ ಪ್ರತಿಯೊಂದಕ್ಕೂ ಕೇಂದ್ರ ಕಚೇರಿಯ ಮಂಜೂರಾತಿಗೆ ಕಾಯದೆ, ಸ್ಥಳದಲ್ಲಿಯೇ ದುರಸ್ತಿಯಾಗುವ ವ್ಯವಸ್ಥೆ ಇದೆ. ಕೇಂದ್ರದಿಂದ, ಅಂದರೆ ಕೋಶಬೀಜದಿಂದ, ಬರುವ ಸಾಮಗ್ರಿ ಯಾವ ಸಿನಾಪ್ಸಿಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಮರುವರ್ಷ ಯೂವೆ ಫ್ರೈ ಮತ್ತು ರಿಚರ್ಡ್ ಮೋರಿಸ್ ಉತ್ತರ ಸೂಚಿಸಿದರು: ಕೆಲಸ ಮಾಡಿದ ಸಿನಾಪ್ಸ್ ತನ್ನ ಮೇಲೆ ಒಂದು ಗುರುತನ್ನು ಹಾಕಿಕೊಂಡಿರುತ್ತದೆ, ಬಂದ ಸಾಮಗ್ರಿಯನ್ನು ಆ ಗುರುತು ಹಿಡಿದುಕೊಳ್ಳುತ್ತದೆ.

ಈಗ ನಿಮ್ಮ ಮಂಗಳವಾರ ಮತ್ತು ಸೋಮವಾರದ ಮಾತು. ಅರ್ಜೆಂಟೀನದ ಪೆದ್ರೊ ಬೆಕಿನ್‌ಶ್ಟೈನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಕಟ್ಟೆಯಿಂದ ಕೆಳಗಿಳಿದರೆ ಕಾಲಿಗೆ ವಿದ್ಯುತ್ತಿನ ಚುರುಕು ತಾಗುತ್ತದೆ ಎಂದು ಇಲಿಗಳು ಕಲಿತವು. ಕಲಿತ ಹನ್ನೆರಡು ಗಂಟೆಗಳ ನಂತರ, ಪಾಠ ಮುಗಿದು ಎಷ್ಟೋ ಹೊತ್ತಾದ ಮೇಲೆ, ಅವುಗಳ ಹಿಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್‌ನ ಕೆಲಸವನ್ನು ತಡೆಯಲಾಯಿತು. ಎರಡು ದಿನಗಳ ನಂತರ ನೋಡಿದರೆ ನೆನಪು ನೆಟ್ಟಗಿತ್ತು. ಏಳು ದಿನಗಳ ನಂತರ ನೋಡಿದರೆ ಮಾಯವಾಗಿತ್ತು. ಅದೇ ತಂಡ ಮರುವರ್ಷ ಇದರ ಮಗ್ಗುಲನ್ನೂ ತೋರಿಸಿತು: ಕಲಿಕೆ ದುರ್ಬಲವಾಗಿದ್ದು ತಾನಾಗಿಯೇ ಮರೆತುಹೋಗಲಿದ್ದ ನೆನಪು, ಹನ್ನೆರಡನೆಯ ಗಂಟೆಯಲ್ಲಿ ಬಿಡಿಎನ್‌ಎಫ್ ಒದಗಿಸಿದಾಗ ವಾರದ ನಂತರವೂ ಉಳಿಯಿತು. ನೆನಪು ಹುಟ್ಟುವುದಕ್ಕೆ ಬಿಡಿಎನ್‌ಎಫ್‌ನ ಒಂದು ಅಲೆಯಾದರೆ ಅದು ಬಾಳುವುದಕ್ಕೆ ಇನ್ನೊಂದು ಅಲೆ ಬೇಕು; ಎರಡನೆಯದು ಏಳುವಾಗ ಗುರುವೂ ಎದುರಿಗಿರುವುದಿಲ್ಲ, ಶಿಷ್ಯನಿಗೂ ಅದರ ಪರಿವೆ ಇರುವುದಿಲ್ಲ. ನಮ್ಮ ಕಡೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮಳೆ ನಿಂತ ಮೇಲೆಯೇ ಅಲ್ಲವೇ ಬೆಳೆಯುವುದು? ನೆಲ ಹಿಡಿದಿಟ್ಟ ತೇವದಿಂದ.

ಇಲಿಯ ಭಯವನ್ನು ಮಗುವಿನ ಮಗ್ಗಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ಒಂದು ಮಾತು ಹುಳದಿಂದ ಹಿಡಿದು ಮನುಷ್ಯನವರೆಗೆ ಎಲ್ಲ ಕಡೆ ನಿಜವೆಂದು ಕಂಡಿದೆ: ಬಿಡುವು ಕೊಟ್ಟು ಕಲಿಸಿದ್ದು ಒಂದೇ ಉಸಿರಿನಲ್ಲಿ ಕಲಿಸಿದ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು ಇದನ್ನು ಅಳೆದಿದ್ದರು. 1994ರಲ್ಲಿ ಟಿಮ್ ಟಲ್ಲಿ ಮತ್ತು ಸಂಗಡಿಗರು ಹಣ್ಣಿನ ನೊಣಕ್ಕೆ ಒಂದೇ ಪಾಠವನ್ನು ಹತ್ತು ಸಲ ಕಲಿಸಿದರು. ನಡುನಡುವೆ ಹದಿನೈದು ನಿಮಿಷ ಬಿಡುವು ಕೊಟ್ಟಾಗ ಮಾತ್ರ ಪ್ರೋಟೀನು ತಯಾರಿಕೆಯನ್ನು ಅವಲಂಬಿಸಿದ ದೀರ್ಘಕಾಲದ ನೆನಪು ಮೂಡಿತು, ಬಿಡುವಿಲ್ಲದೆ ಹತ್ತು ಸಲ ಕಲಿಸಿದಾಗ ಮೂಡಲಿಲ್ಲ. ಆದ್ದರಿಂದ ಸೋಮವಾರ ಇಪ್ಪತ್ತು ಸಲ ಹೇಳಿಸುವ ಮಗ್ಗಿಯನ್ನು ಸೋಮವಾರ ಎಂಟು ಸಲ, ಮಂಗಳವಾರ ಐದು ಸಲ, ಗುರುವಾರ ನಾಲ್ಕು ಸಲ, ಶನಿವಾರ ಮೂರು ಸಲ ಎಂದು ಹಂಚಿ ನೋಡಿ. ಒಟ್ಟು ಲೆಕ್ಕ ಅಷ್ಟೇ.

ಪ್ರಶ್ನೆ: ಬಿಡಿಎನ್‌ಎಫ್ ಸಿನಾಪ್ಸನ್ನು ಬಲಪಡಿಸುತ್ತದೆ ಎಂದು ಒಂದು ಕಡೆ, ದುರ್ಬಲಗೊಳಿಸುತ್ತದೆ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಎರಡೂ ಸರಿ. ಈ ಪ್ರೋಟೀನು ಮೊದಲು ಉದ್ದನೆಯ ಕಚ್ಚಾ ರೂಪದಲ್ಲಿ ತಯಾರಾಗುತ್ತದೆ. ಕಿಣ್ವಗಳು ಅದರ ಮುಂದಿನ ತುಂಡನ್ನು ಕತ್ತರಿಸಿದ ಮೇಲೆ 119 ಅಮೈನೊ ಆಮ್ಲಗಳ ಪಕ್ವ ರೂಪ ಉಳಿಯುತ್ತದೆ. ಪಕ್ವ ರೂಪ ಟ್ರ್ಯಾಕ್-ಬಿ ಗ್ರಾಹಕವನ್ನು ಹಿಡಿದು ಸಂಪರ್ಕವನ್ನು ಬಲಪಡಿಸುತ್ತದೆ. ಕಚ್ಚಾ ರೂಪ ಪಿ-75 ಎಂಬ ಬೇರೊಂದು ಗ್ರಾಹಕವನ್ನು ಹಿಡಿದು ಸಂಪರ್ಕವನ್ನು ಸಡಿಲಿಸುವ ಪ್ರಕ್ರಿಯೆಗೆ ಬಲ ಕೊಡುತ್ತದೆ ಎಂದು 2005ರಲ್ಲಿ ಕಂಡುಬಂತು. ಕತ್ತರಿಸುವ ಕೆಲಸದಲ್ಲಿ ಪಾಲ್ಗೊಳ್ಳುವ ಕಿಣ್ವಗಳಲ್ಲಿ ಪ್ಲಾಸ್ಮಿನ್ ಒಂದು, ಅದನ್ನು ಎಚ್ಚರಿಸುವುದು ಟಿಪಿಎ. ಪಾರ್ಶ್ವವಾಯು ತಗಲಿದ ರೋಗಿಯ ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು ವೈದ್ಯರು ಮೊದಲ ಕೆಲವು ಗಂಟೆಗಳಲ್ಲಿ ಕೊಡುವ ಚುಚ್ಚುಮದ್ದು ಇದೇ ಟಿಪಿಎ. ಪ್ರಕೃತಿ ಒಂದೇ ಕತ್ತರಿಯನ್ನು ಎರಡು ಅಂಗಡಿಗಳಲ್ಲಿ ಬಳಸುತ್ತದೆ. ಸಡಿಲಿಸುವುದನ್ನು ಕೆಟ್ಟದ್ದೆಂದು ಭಾವಿಸಬೇಡಿ. ಎಲ್ಲ ಸಂಪರ್ಕಗಳೂ ಬಲಗೊಳ್ಳುತ್ತಲೇ ಹೋದರೆ ಯಾವ ನೆನಪೂ ಇನ್ನೊಂದರಿಂದ ಬೇರೆಯಾಗಿ ಕಾಣುವುದಿಲ್ಲ.

ಪ್ರಶ್ನೆ: ‘ಮಿದುಳಿನ ಗ್ರೋತ್ ಫ್ಯಾಕ್ಟರ್ ಹೆಚ್ಚಿಸುವ’ ಗುಳಿಗೆಯ ಡಬ್ಬಿಯನ್ನು ಪರಿಚಿತರೊಬ್ಬರು ಎಸ್ಸೆಸ್ಸೆಲ್ಸಿ ಓದುವ ನನ್ನ ಮಗನಿಗೆಂದು ತಂದುಕೊಟ್ಟಿದ್ದಾರೆ. ಕೊಡಬಹುದೇ? ವಂಶವಾಹಿ ಪರೀಕ್ಷೆ ಮಾಡಿಸಿದರೆ ಅವನ ನೆನಪಿನ ಶಕ್ತಿ ತಿಳಿಯುತ್ತದೆ ಎಂದೂ ಹೇಳುತ್ತಾರೆ.
– ತಾಯಿಯೊಬ್ಬರು, ಅಥಣಿ

ಉತ್ತರ: ಡಬ್ಬಿಯನ್ನು ಮರಳಿಸಿ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ‘ಅಡ್ಡ ಪರಿಣಾಮವೇನೂ ಇಲ್ಲವಲ್ಲ’ ಎಂಬ ಉತ್ತರ ನಿಮಗೆ ಖಂಡಿತ ಬರುತ್ತದೆ.

ಬಿಡಿಎನ್‌ಎಫ್ ಒಂದು ಪ್ರೋಟೀನು. ಅದನ್ನೇ ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆ ಜೀರ್ಣಿಸಿಬಿಡುತ್ತದೆ. ರಕ್ತಕ್ಕೆ ಚುಚ್ಚಿದರೂ ಅದು ಉಳಿಯುವುದು ಕೆಲವೇ ನಿಮಿಷ, ಮತ್ತು ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯನ್ನು ಅದು ಸುಲಭವಾಗಿ ದಾಟುವುದಿಲ್ಲ. ಸ್ನಾಯುಗಳನ್ನು ಕ್ಷೀಣಗೊಳಿಸುವ ಎಎಲ್‌ಎಸ್ ಎಂಬ ನರರೋಗದ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಚರ್ಮದಡಿ ಬಿಡಿಎನ್‌ಎಫ್ ಚುಚ್ಚಿ ನೋಡಿದ ದೊಡ್ಡ ಪರೀಕ್ಷೆ 1999ರಲ್ಲಿ ಪ್ರಕಟವಾಯಿತು. ಬದುಕಿನ ಅವಧಿ ಹೆಚ್ಚಿದ್ದು ಕಾಣಲಿಲ್ಲ. ಹಾಗಾದರೆ ಮಿದುಳಿಗೇ ನೇರವಾಗಿ ಕೊಟ್ಟರೆ? ಸ್ವೀಡನ್ನಿನಲ್ಲಿ ಆಲ್ಜೈಮರ್ ರೋಗದ ಮೂವರಿಗೆ ನರ್ವ್ ಗ್ರೋತ್ ಫ್ಯಾಕ್ಟರನ್ನು ಮಿದುಳಿನ ಕುಹರಕ್ಕೆ ಹರಿಸಿದಾಗ ಬೆನ್ನುನೋವು ಬಂತು, ತೂಕ ಇಳಿಯಿತು, ಪ್ರಯೋಗ ನಿಂತಿತು. ಇಷ್ಟರ ನಡುವೆ ಅದೇ ನರ್ವ್ ಗ್ರೋತ್ ಫ್ಯಾಕ್ಟರ್ ಒಂದು ಕಡೆ ಔಷಧವಾಗಿ ಗೆದ್ದಿದೆ: ನರ ಸತ್ತು ಹುಣ್ಣಾಗುವ ಕಣ್ಣಿನ ಕರಿಗುಡ್ಡೆಗೆ ಹಾಕುವ ಹನಿಯಾಗಿ. 2017ರಲ್ಲಿ ಯುರೋಪಿನಲ್ಲಿ, 2018ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಬೇಕಾದ ಜಾಗಕ್ಕೇ, ಬೇರೆಡೆ ಹರಡದಂತೆ, ಬೆರಳ ತುದಿಯಿಂದ ಹಾಕಬಹುದಾದ ಅಂಗ ಕಣ್ಣು, ಹಿಪೊಕ್ಯಾಂಪಸ್ ಹಾಗಲ್ಲ.

ಇನ್ನು, ಹೆಚ್ಚಾದಷ್ಟೂ ಒಳ್ಳೆಯದೆಂಬ ಎಣಿಕೆಯೇ ತಪ್ಪು. ಬಿಡಿಎನ್‌ಎಫ್ ಅತಿಯಾಗಿ ತಯಾರಾಗುವಂತೆ ವಂಶವಾಹಿಯನ್ನು ಮಾರ್ಪಡಿಸಿದ ಇಲಿಗಳು ಜಾಣವಾಗಲಿಲ್ಲ. ಕಲಿಕೆಯಲ್ಲಿ ಹಿಂದೆ ಬಿದ್ದವು, ಅವುಗಳ ನರಕೋಶಗಳು ಅತಿಯಾಗಿ ಕೆರಳಿ ಮೂರ್ಛೆಯ ಸೆಳವು ಇನ್ನಷ್ಟು ತೀವ್ರವಾಯಿತು. ಗದ್ದಲದ ನಡುವೆ ಪಿಸುಮಾತು ಕೇಳಿಸದಂತೆ, ಎಲ್ಲೆಲ್ಲೂ ಎಲ್ಲ ಕಾಲಕ್ಕೂ ತುಂಬಿರುವ ಸಂಕೇತ ಸಂಕೇತವೇ ಅಲ್ಲ.

ವಂಶವಾಹಿ ಪರೀಕ್ಷೆಯ ಮಾತು ಬಂದದ್ದು 2003ರ ಅಧ್ಯಯನವೊಂದರಿಂದ. ಬಿಡಿಎನ್‌ಎಫ್‌ನ ಕಚ್ಚಾ ರೂಪದ 66ನೆಯ ಸ್ಥಾನದಲ್ಲಿ ಕೆಲವರಿಗೆ ವ್ಯಾಲಿನ್ ಎಂಬ ಅಮೈನೊ ಆಮ್ಲದ ಬದಲು ಮಿಥಿಯೊನಿನ್ ಎಂಬುದು ಇರುತ್ತದೆ. ಅಂಥವರ ನರಕೋಶಗಳು ಚಟುವಟಿಕೆಯ ಹೊತ್ತಿನಲ್ಲಿ ಬಿಡಿಎನ್‌ಎಫ್ ಅನ್ನು ಕಡಿಮೆ ಬಿಡುಗಡೆ ಮಾಡುತ್ತವೆ, ಘಟನೆಗಳ ನೆನಪಿನಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ ಎಂದು ಅದು ಹೇಳಿತು. ನಂತರದ ಅಧ್ಯಯನಗಳಲ್ಲಿ ಆ ವ್ಯತ್ಯಾಸ ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ. ಜನಸಮೂಹದ ಸರಾಸರಿಯಲ್ಲಿಯೇ ಹೀಗೆ ಅಲುಗಾಡುವ ಸಂಗತಿಯಿಂದ ಒಬ್ಬ ಹುಡುಗನ ಭವಿಷ್ಯ ಹೇಳುವುದು ಗಿಳಿಶಾಸ್ತ್ರಕ್ಕೆ ಹತ್ತಿರದ ಕಸುಬು. ಪರೀಕ್ಷೆಯ ವಾರದಲ್ಲಿ ಮಗ ಹೊತ್ತಿಗೆ ಸರಿಯಾಗಿ ಮಲಗುವಂತೆ ನೋಡಿಕೊಳ್ಳಿ. ಹಗಲು ಓದಿದ್ದನ್ನು ಗಟ್ಟಿಗೊಳಿಸುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲಿ ನಡೆಯುತ್ತದೆ.

ಪ್ರಶ್ನೆ: ವಯಸ್ಸು 68. ದಿನವೂ ಅಗಸ್ತ್ಯತೀರ್ಥದ ಕಡೆಗೆ ನಡೆಯುತ್ತೇನೆ. ನಡಿಗೆಯಿಂದ ಮಿದುಳು ಬೆಳೆಯುತ್ತದೆಂಬುದು ನಿಜವೇ?
– ನಿವೃತ್ತ ನೌಕರರು, ಬಾದಾಮಿ

ಉತ್ತರ: ಒಂದು ಮಟ್ಟಿಗೆ ನಿಜ. ಚಕ್ರದಲ್ಲಿ ಓಡುವ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ಹೆಚ್ಚುವುದು 1995ರಲ್ಲಿಯೇ ತಿಳಿದಿತ್ತು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪು ವರ್ಷವಿಡೀ ವಾರಕ್ಕೆ ಮೂರು ದಿನ ಚುರುಕಾಗಿ ನಡೆಯುವಂತೆ, ಇನ್ನೊಂದು ಗುಂಪು ಮೈ ಸಡಿಲಿಸುವ ವ್ಯಾಯಾಮ ಮಾಡುವಂತೆ ಏರ್ಪಡಿಸಲಾಯಿತು. ನಡೆದವರ ಹಿಪೊಕ್ಯಾಂಪಸ್ ಸುಮಾರು 2 ಪ್ರತಿಶತ ಹಿಗ್ಗಿತು, ಇನ್ನೊಂದು ಗುಂಪಿನವರದು ಸುಮಾರು 1.4 ಪ್ರತಿಶತ ಕುಗ್ಗಿತು. ಹಿಗ್ಗಿದವರಲ್ಲಿ ರಕ್ತದ ಬಿಡಿಎನ್‌ಎಫ್ ಏರಿಕೆಗೂ ಅದಕ್ಕೂ ಹೊಂದಾಣಿಕೆ ಕಂಡಿತು. ಪತ್ರಿಕೆಗಳು ಇಷ್ಟನ್ನೇ ಬರೆದವು. ಅದೇ ಅಧ್ಯಯನದಲ್ಲಿ ನೆನಪಿನ ಪರೀಕ್ಷೆಯ ಅಂಕಗಳು ಎರಡೂ ಗುಂಪಿನಲ್ಲಿ ಸುಧಾರಿಸಿ, ಗುಂಪುಗಳ ನಡುವೆ ಅಂತರ ಉಳಿಯಲಿಲ್ಲ ಎಂಬುದನ್ನು ಬಿಟ್ಟವು. ನಡಿಗೆಯನ್ನು ಬಿಡಬೇಡಿ. ಫಲ ಅಳೆಯಲೆಂದು ರಕ್ತದ ಬಿಡಿಎನ್‌ಎಫ್ ಪರೀಕ್ಷೆ ಮಾತ್ರ ಮಾಡಿಸಬೇಡಿ, ಏಕೆಂದರೆ ರಕ್ತದಲ್ಲಿ ಸಿಗುವ ಬಹುಪಾಲು ಬಿಡಿಎನ್‌ಎಫ್ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿ ಶೇಖರವಾಗಿರುವುದು; ಅದರಿಂದ ಮಿದುಳಿನ ಲೆಕ್ಕ ತಿಳಿಯುವುದಿಲ್ಲ.

ಪ್ರಶ್ನೆ: ಪರೀಕ್ಷೆಗಾಗಿ ತಿಂಗಳುಗಟ್ಟಲೆ ಒದ್ದಾಡಿ ಓದಿದ್ದು ಪರೀಕ್ಷೆ ಮುಗಿದ ವಾರದಲ್ಲಿ ಮರೆತುಹೋಯಿತು. ಆದರೆ ಆ ದಿನಗಳ ಅಂಜಿಕೆ ಇನ್ನೂ ಹೋಗಿಲ್ಲ; ಪರೀಕ್ಷಾ ಕೊಠಡಿಯ ಗಂಟೆಯ ಸದ್ದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಒಂದೇ ಮಿದುಳು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಳ್ಳುವುದೇಕೆ?
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಗೋಕಾಕ

ಉತ್ತರ: ಇದಕ್ಕೆ ಹತ್ತಿರದ ಉತ್ತರ ನಮ್ಮ ಬೆಂಗಳೂರಿನಿಂದಲೇ ಬಂದಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ, ದಿನವೂ ಕೆಲವು ಗಂಟೆ ಕದಲದಂತೆ ಕೂಡಿಹಾಕಿ ಒತ್ತಡಕ್ಕೆ ಗುರಿಪಡಿಸಿದ ಇಲಿಗಳಲ್ಲಿ ವಿಚಿತ್ರವೊಂದನ್ನು ಗಮನಿಸಿತು. ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮುದುಡಿಕೊಂಡಿದ್ದರೆ, ಭಯದ ನೆನಪಿಗೆ ಕೇಂದ್ರವಾದ ಅಮಿಗ್ಡಲದ ನರಕೋಶಗಳ ಕವಲುಗಳು ಬೆಳೆದು ಹರಡಿಕೊಂಡಿದ್ದವು. ಹತ್ತು ವರ್ಷಗಳ ನಂತರ, 2012ರಲ್ಲಿ, ಅದೇ ಪ್ರಯೋಗಾಲಯ ಬಿಡಿಎನ್‌ಎಫ್ ಅನ್ನು ಅಳೆದು ನೋಡಿತು: ಹತ್ತು ದಿನಗಳ ಒತ್ತಡದ ನಂತರ ಹಿಪೊಕ್ಯಾಂಪಸ್‌ನಲ್ಲಿ ಅದು ಇಳಿದಿತ್ತು, ಅಮಿಗ್ಡಲದಲ್ಲಿ ಏರಿತ್ತು. ಅದೇ ಪ್ರಾಣಿ, ಅದೇ ಒತ್ತಡ, ಅದೇ ಪ್ರೋಟೀನು, ಜಾಗ ಮಾತ್ರ ಬೇರೆ. ಓದಿದ್ದನ್ನು ಹಿಡಿದಿಡಬೇಕಾದ ಕಡೆ ಮೇಸ್ತ್ರಿ ರಜೆಯ ಮೇಲಿದ್ದ, ಅಂಜಿಕೆಯನ್ನು ಕೆತ್ತುವ ಕಡೆ ದುಪ್ಪಟ್ಟು ದುಡಿಯುತ್ತಿದ್ದ. ಒತ್ತಡವನ್ನು ನಿಲ್ಲಿಸಿ ಇಲಿಗಳನ್ನು ಇಪ್ಪತ್ತೊಂದು ದಿನ ಆರಾಮವಾಗಿ ಬಿಟ್ಟ ಮೇಲೆ ಹಿಪೊಕ್ಯಾಂಪಸ್‌ನಲ್ಲಿನ ಮಟ್ಟ ಮೊದಲಿನಂತಾಯಿತು. ಅಮಿಗ್ಡಲದಲ್ಲಿನ ಏರಿಕೆ ಆಗಲೂ ಇಳಿದಿರಲಿಲ್ಲ. ಮನುಷ್ಯರ ಅಮಿಗ್ಡಲದಲ್ಲಿ ಇದನ್ನು ಹೀಗೆ ಅಳೆದು ನೋಡುವ ಮಾರ್ಗವಿಲ್ಲ, ಆದರೆ ನೀವು ವರ್ಣಿಸಿದ್ದು ಮನಸ್ಸಿನ ದೌರ್ಬಲ್ಯವಲ್ಲ ಎಂದು ಹೇಳಲು ಇಷ್ಟು ಸಾಕು. ಮುಂದಿನ ಪರೀಕ್ಷೆಗೆ ಓದಲು ಕೂಡುವ ಹೊತ್ತಿಗೆ ನಿಮ್ಮ ಹಿಪೊಕ್ಯಾಂಪಸ್ ಸುಧಾರಿಸಿಕೊಂಡಿರಬಹುದು. ಗಂಟೆಯ ಸದ್ದಿನ ಅಂಜಿಕೆ ಆಗಲೂ ನಿದ್ದೆ ಕೆಡಿಸುತ್ತಿದ್ದರೆ ಸಂಕೋಚವಿಲ್ಲದೆ ಮನೋವೈದ್ಯರನ್ನು ಕಾಣಿರಿ.